ಸಿಗಡಿ ಕೆರೆಗೆ ಬೇವಿನ ಸೊಪ್ಪು

ಪಟಮಟ: ಬಂದಿಳಿದ ದಿನ

ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಒಮ್ಮೆ ಸಿಂಗಪುರಕ್ಕೆ ಹೋಗಿ ಬಂದು ಮೂರು ವರ್ಷ ಅದನ್ನೇ ಹೇಳಿದರು. ನಾನು ಕಂಡ ಪರದೇಶ ವಿಜಯವಾಡ, ವಿಶಾಖಪಟ್ಟಣ. ನಗುವವರು ನಗಲಿ. ಭಾಷೆ ಬಾರದ, ಊಟಕ್ಕೆ ಕೂತರೆ ಬಿಸಿ ಅನ್ನಕ್ಕೆ ಮೊದಲು ಖಾರದ ಪುಡಿ ತುಪ್ಪ ಕಲಸುವ, ಏಪ್ರಿಲ್ಲಿನಲ್ಲಿ ಗಾಳಿಯೂ ಮೈ ಸುಡುವ ಊರು ಪರದೇಶವಲ್ಲದೆ ಮತ್ತೇನು? ಕುಮಟೆಯಿಂದ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು. ವಿಜಯವಾಡದಲ್ಲಿ ಇಳಿಯುವಾಗ ನನ್ನ ಸೀರೆ ಒಣಮೆಣಸಿನ ಚೀಲದಂತೆ ಬಿಸಿಯಾಗಿತ್ತು.

ತಮ್ಮ ಗಣಪತಿ ಬ್ಯಾಂಕಿನಲ್ಲಿ ಅಧಿಕಾರಿ. ವರ್ಗವಾಗಿ ಬಂದವನು ಇಲ್ಲಿಯ ಹುಡುಗಿ ವಿಜಯಳನ್ನು ಮದುವೆಯಾಗಿ ಪಟಮಟದಲ್ಲಿ ಮನೆ ಮಾಡಿದ್ದ. ಅದು ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಹೆಡ್‌ಮಾಸ್ತರಿಣಿಗೂ ರಜೆ ಇರುತ್ತದೆ ಎಂದು ನಮ್ಮ ಮನೆಯವರಿಗೆ ತಿಳಿಸಿ ನಾನೊಬ್ಬಳೇ ಹೊರಟು ಬಂದಿದ್ದೆ.

ಬೆಳಗ್ಗೆ ನಾನು ಮಿಂದು ಬರುವಷ್ಟರಲ್ಲಿ ಗಣಪತಿ ಬ್ಯಾಂಕಿಗೆ, ವಿಜಯ ಅವಳ ಶಾಲೆಗೆ ಹೋಗಾಗಿತ್ತು. ಮಧ್ಯಾಹ್ನ ತಣ್ಣೀರಿಗೆಂದು ಫ್ರಿಜ್ಜು ತೆರೆದೆ. ಒಳಗೊಂದು ಸ್ಟೀಲಿನ ಡಬ್ಬಿ, ಡಬ್ಬಿಯ ತುಂಬ ಐಸು, ಐಸಿನೊಳಗೆ ಬೆರಳುದ್ದದ ಸಿಗಡಿ. ನಮ್ಮ ಕಡೆ ಶೆಟ್ಲಿ ಎನ್ನುತ್ತೇವೆ. ಅಕ್ಕ ಬರುತ್ತಾಳೆಂದು ತಂದಿಟ್ಟಿದ್ದಾನೆ, ಪಾಪ, ಹೇಳಲು ಮರೆತಿದ್ದಾನೆ ಎಂದು ನನ್ನ ಕಣ್ಣೇ ತುಂಬಿ ಬಂತು. ಊರಿಂದ ಮುರುಗಲು ಸಿಪ್ಪೆ ತಂದಿದ್ದೆ. ಕಾಯಿ ತುರಿದೆ, ಮೆಣಸು ಹುರಿದೆ, ಮಸಾಲೆ ಅರೆದೆ. ಸಂಜೆ ಐದಕ್ಕೆ ಪಟಮಟದ ಆ ಓಣಿಯೆಲ್ಲ ಕುಮಟೆಯಾಗಿತ್ತು. ರುಚಿ ನೋಡಲೆಂದು ಎರಡು ಬಾಯಿಗೂ ಹಾಕಿಕೊಂಡೆ.

ಗಣಪತಿ ಬಂದವನೇ ಮೂಗರಳಿಸಿ, “ಎಂಥ ಪರಿಮಳ ಅಕ್ಕಾ!” ಎಂದ. ಆಮೇಲೆ ಫ್ರಿಜ್ಜು ತೆರೆದ. ಆಮೇಲೆ ನೆಲದ ಮೇಲೆ ಕೂತ.

“ಎಂಥ ಮಾಡ್ಬಿಟ್ಟೆ ಅಕ್ಕಾ! ಅದು ಸ್ಯಾಂಪಲ್ಲು! ಅತ್ತೆ ಕೆರೇಲಿ ರೋಗ ಬಂದ ಸಿಗಡಿ! ಇವತ್ತು ನಮ್ಮ ಬ್ಯಾಂಕಿನವರ ಕೈಲಿ ವಿಶಾಖಪಟ್ಟಣದ ಲ್ಯಾಬಿಗೆ ಹೋಗ್ಬೇಕಿತ್ತು!”

“ಡಬ್ಬಿ ಮೇಲೆ ಬರೀಲಿಕ್ಕೆ ಎಂಥ ಆಗಿತ್ತು ನಿಂಗೆ?” ಎಂದು ಗದರಿದೆ. ತಪ್ಪು ಮಾಡಿದಾಗ ಮೊದಲು ಗದರಿಬಿಡುವುದು ನನ್ನ ಮೂವತ್ತು ವರ್ಷದ ಮಾಸ್ತರಿಕೆಯ ಅಭ್ಯಾಸ. ಆದರೆ ತಿಂದ ಎರಡು ಸಿಗಡಿ ಹೊಟ್ಟೆಯಲ್ಲಿ ಏನು ಮಾಡುತ್ತಿವೆಯೋ ಎಂದು ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ವಿಜಯ ಬಂದು ಸಂಗತಿ ಕೇಳಿ, ಅಳುವುದೋ ನಗುವುದೋ ತಿಳಿಯದೆ, “ಪರವಾಲೇದು ವದಿನಾ, ನೀವು ಅಳಬೇಡಿ,” ಎಂದಳು. ವದಿನಾ ಎಂದರೆ ಅತ್ತಿಗೆ, ಇಲ್ಲಿ ಗಂಡನ ಅಕ್ಕನಿಗೂ ಹಾಗೇ ಎನ್ನುತ್ತಾರೆ. ನಾನೇನೂ ಅಳುತ್ತಿರಲಿಲ್ಲ, ಅತ್ತದ್ದು ಅವಳೇ. ಕೆರೆ ಅವಳ ತಾಯಿಯದು.

ಸ್ಯಾಂಪಲ್ಲು ಒಯ್ಯಬೇಕಿದ್ದ ಬ್ಯಾಂಕಿನವರು ಬರಿಗೈಲಿ ಅದೇ ಸಂಜೆ ಹೊರಟುಹೋದರು. ಗಣಪತಿಗೆ ಆ ವಾರ ರಜೆ ಸಿಗುವ ಹಾಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು, “ಹೊಸ ಸಿಗಡಿ ಹಿಡಿಸಿಕೊಡಿ, ನಾನೇ ಒಯ್ತೇನೆ,” ಎಂದೆ.

ಹನ್ನೆರಡು ಕೆರೆ, ಒಂದು ಕಾಲುವೆ

ಮರುದಿನ ಬೆಳಗ್ಗೆ ವಿಜಯಳ ಜೊತೆ ಬಸ್ಸು ಹತ್ತಿ ಸಮುದ್ರದ ಕಡೆ ಎರಡು ತಾಸು ಹೋದೆ. ದಾರಿಯುದ್ದ ಭತ್ತದ ಗದ್ದೆ. ಇನ್ನೇನು ಸಮುದ್ರ ಬಂತು ಎನ್ನುವಾಗ ಗದ್ದೆ ಮುಗಿದು ಚೌಕ ಚೌಕ ನೀರು. ನಮ್ಮ ಅಘನಾಶಿನಿಯ ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲೂ ಸಿಗಡಿ ಉಂಟು. ಆದರೆ ಅಲ್ಲಿ ಸಿಗಡಿ ಭರತದ, ಎಂದರೆ ಸಮುದ್ರದ ಉಬ್ಬರದ, ನೀರಿನ ಜೊತೆ ತಾನೇ ಬರುತ್ತದೆ, ಸಿಕ್ಕಿದ್ದನ್ನು ತಿಂದು ತಾನೇ ಬೆಳೆಯುತ್ತದೆ. ಇಲ್ಲಿ ಮರಿಯನ್ನು ಚೀಲದಲ್ಲಿ ತಂದು ಬಿಡುತ್ತಾರೆ, ದಿನಕ್ಕೆ ನಾಲ್ಕು ಹೊತ್ತು ಮೇವು ಹಾಕುತ್ತಾರೆ. ತಿಂದಿತೋ ಇಲ್ಲವೋ ನೋಡಲು ನೀರೊಳಗೆ ಬಲೆಯ ತಟ್ಟೆ ಇಳಿಬಿಟ್ಟು ಗಳಿಗೆಗೊಮ್ಮೆ ಎತ್ತುತ್ತಾರೆ. ಬಾಣಂತಿಯನ್ನೂ ಇಷ್ಟು ನೋಡಿಕೊಳ್ಳುವುದಿಲ್ಲ.

ವಿಜಯಳ ತಾಯಿ ಸತ್ಯವತಮ್ಮ ಏರಿಯ ಮೇಲೆ ತಟ್ಟೆ ಹಿಡಿದು ನಿಂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಗಂಡ ಹೋದ ಮೇಲೆ ಒಬ್ಬರೇ ಎರಡು ಕೆರೆ ನೋಡಿಕೊಂಡವರು. ನಾನು ಸ್ಯಾಂಪಲ್ಲು ಅಟ್ಟು ತಿಂದ ಸುದ್ದಿ ಮಗಳ ಬಾಯಿಂದ ಕೇಳಿ ಒಂದು ಗಳಿಗೆ ನನ್ನನ್ನೇ ನೋಡಿದರು. ಬೈಗುಳ ಬರುತ್ತದೆಂದು ನಾನು ಕಾದೆ. “ಉಪ್ಪು ಸರಿಹೋಯಿತಾ?” ಎಂದು ಕೇಳಿ, “ಕೂರ್ಚೋಂಡಿ ಟೀಚರುಗಾರು,” ಎಂದು ಮಣೆ ಕೊಟ್ಟರು. ಆ ಹೆಂಗಸಿನ ಮೇಲೆ ನನಗೆ ಆಗಲೇ ಪ್ರೀತಿ ಹುಟ್ಟಿತು.

ತಟ್ಟೆಯಲ್ಲಿ ಹಾಕಿದ ಮೇವು ಹಾಕಿದಂತೆಯೇ ಇತ್ತು. ಮೊದಲ ಕೆರೆಯ ಸಿಗಡಿ ಮೇವು ಬಿಟ್ಟು ಮೂರು ದಿನ. ಕೆಲವು ಸೋತು ಸುಣ್ಣವಾಗಿ ದಡಕ್ಕೆ ಬಂದು ನಿಂತಿದ್ದವು. ಎರಡನೆಯ ಕೆರೆ ಇನ್ನೂ ಚೆನ್ನಾಗಿತ್ತು. ಪೇಚು ಇದ್ದದ್ದು ಇಲ್ಲಿ: ತಳದ ಕೆಸರು ಕೊಳೆತು ಸಿಗಡಿ ಸೋತಿದ್ದರೆ ತಕ್ಷಣ ಹಳೆಯ ನೀರು ಬಿಟ್ಟು ಹೊಸ ನೀರು ತುಂಬಬೇಕು. ಆ ಸೀಮೆಯಲ್ಲಿ ಹೊಸದಾಗಿ ಕೇಳಿಬರುತ್ತಿದ್ದ ಬಿಳಿ ಮಚ್ಚೆಯ ವೈರಸ್ಸಾಗಿದ್ದರೆ ಒಂದು ತಂಬಿಗೆ ನೀರನ್ನೂ ಹೊರಗೆ ಬಿಡಬಾರದು. ಯಾಕೆಂದರೆ ಹನ್ನೆರಡು ಕೆರೆಗೂ ಒಂದೇ ಕಾಲುವೆ. ಇವರು ಬಿಟ್ಟ ನೀರನ್ನೇ ಅವರು ತುಂಬಿಕೊಳ್ಳುವುದು. ಅಮಾವಾಸ್ಯೆಯ ದೊಡ್ಡ ಭರತಕ್ಕೆ ಇನ್ನು ಮೂರೇ ದಿನ. ಅವತ್ತು ಎಲ್ಲರೂ ತೂಬು ತೆರೆಯುವವರು. ಯಾವ ರೋಗ ಎಂದು ಅಷ್ಟರೊಳಗೆ ಗೊತ್ತಾಗದಿದ್ದರೆ ಹನ್ನೆರಡು ಕೆರೆಯ ಬೆಳೆಯೂ ಹೋದ ಹಾಗೆ. ನಾನು ಒಂದು ದಿನವನ್ನು ಮುರುಗಲು ಹುಳಿ ಹಾಕಿ ನುಂಗಿದ್ದೆ.

ಪಕ್ಕದ ಕೆರೆಯ ರಂಗರಾಜು ಅಷ್ಟರಲ್ಲಿ ಬಂದರು. ಹುರಿ ಮೀಸೆ, ಎತ್ತರದ ಆಳು, ತೂಬು ಯಾವಾಗ ತೆರೆಯಬೇಕೆಂದು ಊರಿಗೆಲ್ಲ ಹೇಳುವವರು. “ಏನಂತೆ?” ಎಂದು ಕೇಳಿದರು. ಸತ್ಯವತಮ್ಮ ತಟ್ಟೆಯನ್ನು ಸೆರಗಿನ ಮರೆಗೆ ಎಳೆದುಕೊಂಡು, “ಏನಿಲ್ಲ, ಬಿಸಿಲಿಗೆ ಮೇವು ಕಡಿಮೆ,” ಎಂದರು. ಅವರು ಹೋದ ಮೇಲೆ ನಾನು ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. ವಿಜಯ ತಗ್ಗಿದ ದನಿಯಲ್ಲಿ ಹೇಳಿದಳು: “ಇಲ್ಲಿ ಯಾರೂ ಹೇಳಲ್ಲ ವದಿನಾ. ಕೆರೆಗೆ ರೋಗ ಅಂದ್ರೆ ವ್ಯಾಪಾರಿ ಊರಿಗೇ ಬರಲ್ಲ. ಸುಮ್ಮನೆ ನೀರು ಬಿಟ್ಟು, ಸಿಕ್ಕಿದ್ದು ಹಿಡಿದು ಮಾರಿಬಿಡ್ತಾರೆ. ಅಮ್ಮಂದು ಮೊದಲಲ್ಲ.”

ಗೋದಾವರಿ ದಾಟುವಾಗ

ಈ ಸಲ ಸಿಗಡಿಯನ್ನು ಜೀವಂತ ಒಯ್ಯುವುದೆಂದಾಯಿತು. ಮರಿ ತರುವ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಕೆರೆಯ ನೀರು, ಆರು ಸಿಗಡಿ, ಮೇಲೆ ಆಮ್ಲಜನಕ ತುಂಬಿ ಬಾಯಿ ಬಿಗಿದರು. ಮರುದಿನ ಬೆಳಗಿನ ರೈಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೂರು ಹೆತ್ತ ನಾನು ಯಾವ ಮಗುವನ್ನೂ ಅಷ್ಟು ಹೊತ್ತು ಅಲುಗದೆ ಹಿಡಿದದ್ದಿಲ್ಲ.

ಆಂಧ್ರದ ರೈಲಿನಲ್ಲಿ ಯಾರೂ ಅಪರಿಚಿತರಾಗಿ ಉಳಿಯುವುದಿಲ್ಲ. ಏಲೂರು ಬರುವುದರೊಳಗೆ ನನಗೆ ಮಕ್ಕಳೆಷ್ಟು, ತಮ್ಮನಿಗೆ ಸಂಬಳವೆಷ್ಟು, ಸಿಗಡಿಗೆ ಏನಾಗಿದೆ ಎಲ್ಲವೂ ಡಬ್ಬಿಗೆಲ್ಲ ಗೊತ್ತಾಗಿತ್ತು. ನಮ್ಮ ಕಡೆ ಹೀಗೆ ಕೇಳಿದರೆ ಅಧಿಕಪ್ರಸಂಗ ಎನ್ನುತ್ತೇವೆ. ಇಲ್ಲಿ ಕೇಳದಿದ್ದರೆ ಮರ್ಯಾದೆ ಇಲ್ಲದವರು. ಎದುರಿನ ಮುದುಕಿಯೊಬ್ಬರು ಒಂದೊಂದು ಸ್ಟೇಷನ್ನಿಗೂ ಬಗ್ಗಿ ಚೀಲ ನೋಡಿ, “ಬತಿಕೇ ಉನ್ನಾಯಿ,” ಎಂದು ಸುತ್ತಲಿನವರಿಗೆ ವರದಿ ಕೊಡುತ್ತಿದ್ದರು. ಬದುಕಿಯೇ ಇವೆ ಎಂದರ್ಥ.

ಗೋದಾವರಿಯ ಉದ್ದದ ಸೇತುವೆ ಬಂತು. ಎಲ್ಲರೂ ಎದ್ದು ಕಿಟಕಿಯಿಂದ ನದಿಗೆ ಕಾಸು ಎಸೆದು ಕೈ ಮುಗಿದರು. ನಾನೂ ಒಂದು ಕೈ ಎತ್ತಿದೆ. ಅಷ್ಟರಲ್ಲಿ ತೊಡೆ ತಣ್ಣಗಾಯಿತು. ಚೀಲದ ಮೂಲೆ ಜಿನುಗುತ್ತಿತ್ತು. ಕಳಕೊಂಡೆನಲ್ಲಪ್ಪಾ ಎಂದು ನಾನು ಕೂಗಿದ್ದಕ್ಕೆ ಡಬ್ಬಿಯೇ ಎದ್ದು ನಿಂತಿತು. ಕುಡಿಯುವ ನೀರು ಸುರಿಯಿರಿ ಎಂದರು ಒಬ್ಬರು. “ಬೇಡ, ಇದಕ್ಕೆ ಉಪ್ಪುನೀರೇ ಬೇಕು!” ಎಂದು ನಾನು ಕನ್ನಡದಲ್ಲೇ ಚೀರಿದೆ, ಎಲ್ಲರಿಗೂ ಅರ್ಥವಾಯಿತು. ಮುದುಕಿ ತನ್ನ ಜಡೆಯ ರಬ್ಬರ್ ಬ್ಯಾಂಡನ್ನೇ ಬಿಚ್ಚಿ ಜಿನುಗುವ ಮೂಲೆಯನ್ನು ಹಿಡಿದು ತಿರುಚಿ ಬಿಗಿದರು. ನೀರು ನಿಂತಿತು. ಆಮೇಲೆ ವಿಶಾಖಪಟ್ಟಣದವರೆಗೆ ಆಕೆ ಕೂದಲು ಹರಡಿಕೊಂಡೇ ಕೂತಿದ್ದರು, ನಾನು ಒದ್ದೆ ಸೀರೆಯಲ್ಲಿ.

ದ್ವಾರಕಾ ನಗರ

ವಿಶಾಖಪಟ್ಟಣ ಚೆಂದದ ಊರು. ಗುಡ್ಡ ಇಳಿದರೆ ಸಮುದ್ರ. ಸೂರ್ಯ ನಮ್ಮಲ್ಲಿ ಸಮುದ್ರದಲ್ಲಿ ಮುಳುಗಿದರೆ ಇಲ್ಲಿ ಸಮುದ್ರದಿಂದ ಏಳುತ್ತಾನಂತೆ. ಅಂತೆ ಎಂದೆ, ಯಾಕೆಂದರೆ ನಾನು ನೋಡಲಿಲ್ಲ. ಸ್ಟೇಷನ್ನಿನಿಂದ ರಿಕ್ಷಾ ಹತ್ತಿ ನೇರ ದ್ವಾರಕಾ ನಗರಕ್ಕೆ ಹೋದೆ. ಒಂದು ಹೋಟೆಲಿನ ಪಕ್ಕ, ಇಕ್ಕಟ್ಟಿನ ಮೆಟ್ಟಿಲು, ಮಹಡಿಯ ಮೇಲೆ ಲ್ಯಾಬು. ನಡೆಸುವವರು ಧಾರವಾಡದ ಕಡೆಯ ಕುಲಕರ್ಣಿ. ತಮ್ಮನ ಪರಿಚಯದವರು.

“ಬರ್ರಿ ಅಕ್ಕಾರ, ಕುಂದರ್ರಿ,” ಎಂದು ಕುರ್ಚಿ ಕೊಟ್ಟು ಚೀಲವನ್ನು ಬೆಳಕಿಗೆ ಹಿಡಿದರು. “ಆರಕ್ಕ ಆರೂ ಜೀವಂತ ಅದಾವಲ್ರೀ! ಭೇಷ್! ಹಿಂದಿನ ಸ್ಯಾಂಪಲ್ ಏನಾತ್ರಿ?”

ಹೇಳಿದೆ. ಅವರು ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು.

“ಹೊಟ್ಟೀಗೆ ಏನೂ ಆಗೂದಿಲ್ರಿ. ಇದು ಸೀಗಡಿ ಜಡ್ಡು, ಮನಷ್ಯಾರಿಗೆ ಹತ್ತೂದಿಲ್ಲ. ರುಚಿ ಹೆಂಗಿತ್ತು?”

“ನೀವು ತಿಂದಿಲ್ವಾ?”

“ಈರುಳ್ಳೀನೂ ತಿನ್ನದ ಮನಿತನಾ ನಮ್ದು. ಹನ್ನೆರಡು ವರ್ಷ ಆತು ಸೀಗಡಿ ಕೊಯ್ಯಾಕ ಹತ್ತಿ, ನಾಲಗಿಗೆ ಮಾತ್ರ ಮುಟ್ಟಿಲ್ಲ. ಜಡ್ಡಷ್ಟ ಗೊತ್ತು, ರುಚಿ ಗೊತ್ತಿಲ್ಲಂಡಿ. ನೋಡ್ರಿ, ಮಾತನ್ಯಾಗ ತೆಲುಗು ಹೆಂಗ ಬಂದು ಕುಂದರತೈತಿ!”

ಮಾತಾಡುತ್ತಲೇ ಅವರು ಒಂದು ಸಿಗಡಿಯ ತಲೆಯ ಚಿಪ್ಪು ಬಿಡಿಸಿ, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಹೊರಗಿನಿಂದ ಏನೂ ಕಾಣದ ಚಿಪ್ಪಿನ ಒಳಮೈಯಲ್ಲಿ ಸುಣ್ಣ ಸಿಡಿದ ಹಾಗೆ ಸಣ್ಣ ಸಣ್ಣ ಬಿಳಿ ಚುಕ್ಕೆ. ಅಷ್ಟಕ್ಕೇ ನಂಬುವ ಮನುಷ್ಯ ಅವರಲ್ಲ. ಕಿವಿರಿನ ಚೂರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ತಲೆ ಎತ್ತಿದಾಗ ಮುಖದಲ್ಲಿ ನಗುವಿರಲಿಲ್ಲ.

“ಅದ ಐತ್ರಿ, ಬಿಳಿ ಮಚ್ಚಿ. ಇದಕ್ಕ ಔಷಧ ಇಲ್ಲ. ಆ ಕೆರಿ ಹೋತು ಅಂತ ತಿಳೀರಿ.”

“ಉಳಿದ ಹನ್ನೊಂದು?”

“ಅವು ಉಳೀತಾವ, ನೀರು ಹೊರಗ ಬಿಡಲಿಲ್ಲಂದ್ರ. ತೂಬಿಗೆ ಮಣ್ಣು ಹಾಕಿ ಮುಚ್ಚರಿ. ಬ್ಲೀಚಿಂಗ್ ಪೌಡರ್ ಸುರೀರಿ. ಆ ಕೆರಿ ಬಲಿ, ಬುಟ್ಟಿ ಇನ್ನೊಂದು ಕೆರೀಗೆ ಹೋಗಬಾರದು, ಮನಷ್ಯಾನೂ ಹೋಗಬಾರದು. ಏಡಿ ಹೊತಗೊಂಡು ಹೋಗತಾವ, ಕಾಗಿ ಸತ್ತ ಸೀಗಡಿ ಎತ್ತಿ ಮುಂದಿನ ಕೆರಿಯಾಗ ಒಗೀತಾವ. ಎಲ್ಲಾನೂ ತಡೀಬೇಕು. ಆದ್ರ ಅಕ್ಕಾರ, ನಾ ಇದನ್ನ ಭಾಳ ಮಂದಿಗೆ ಹೇಳೀನಿ. ನಮ್ಮ ಕೆರಿಗೆ ಜಡ್ಡು ಬಂದೈತಿ ಅಂತ ಬಾಯಿ ಬಿಟ್ಟು ಹೇಳಿದವರು ಒಬ್ಬರೂ ಇಲ್ಲ.”

ಊರಿಗೆ ಫೋನು ಮಾಡಬಹುದಿತ್ತು. ಆದರೆ ಆ ಊರಿನಲ್ಲಿ ಇದ್ದದ್ದು ಒಂದೇ ಫೋನು, ಅದು ಊರ ನಡುವಿನ ಅಂಗಡಿಯಲ್ಲಿ, ಅಲ್ಲಿ ಆಡಿದ ಮಾತು ಊರಿಗೆಲ್ಲ ಕೇಳುತ್ತದೆ. ತಮ್ಮನಿಗಷ್ಟೇ ಫೋನಿನಲ್ಲಿ ತಿಳಿಸಿ, ಕುಲಕರ್ಣಿಯವರ ಮನೆಯ ಜೋಳದ ರೊಟ್ಟಿ ಉಂಡು ಮಲಗಿ, ಮರುದಿನ ಬೆಳಗ್ಗೆ ವಾಪಸು ರೈಲು ಹತ್ತಿದೆ.

ಅಮಾವಾಸ್ಯೆಯ ಮುನ್ನಾದಿನ

ಗಣಪತಿಯೂ ವಿಜಯಳೂ ವಿಜಯವಾಡ ಸ್ಟೇಷನ್ನಿಗೇ ಬಂದಿದ್ದರು. ಮನೆಗೂ ಹೋಗದೆ ಮೂವರೂ ಬಸ್ಸು ಹತ್ತಿ ಬಿಸಿಲಿರುವಾಗಲೇ ಊರು ಸೇರಿದೆವು. ಸತ್ಯವತಮ್ಮ ಏರಿಯ ಮೇಲೆಯೇ ಇದ್ದರು. ಮಗಳು ಎಲ್ಲವನ್ನೂ ಹೇಳಿದಳು.

ಅವರ ಮುಂದೆ ಎರಡೇ ದಾರಿ. ನಾಳೆಯ ಭರತ ಇಳಿಯುವಾಗ ಎಲ್ಲರಂತೆ ತೂಬು ತೆರೆದು ನೀರಿಳಿಸಿದರೆ ಉಳಿದಷ್ಟು ಸಿಗಡಿಯನ್ನು ಬಾಚಿ ಮಾರಬಹುದು, ಯಾರಿಗೂ ಗೊತ್ತಾಗುವುದಿಲ್ಲ. ನೀರು ಬಿಡದಿದ್ದರೆ ಕೆರೆಯ ಬೆಳೆ ಪೂರ್ತಿ ನಷ್ಟ, ಮೇಲೆ ಊರೆದುರು ಮಾನವೂ ಹೋಗುತ್ತದೆ. ನಾನು ಉಪದೇಶ ಮಾಡಲು ಬಾಯಿ ತೆರೆದೆ. ಹೆಡ್‌ಮಾಸ್ತರಿಣಿ ನೋಡಿ. ಆದರೆ ಪರರ ಕೆರೆ, ಪರರ ನಷ್ಟ. ಜನ್ಮದಲ್ಲಿ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡೆ.

ಸತ್ಯವತಮ್ಮ ಎದ್ದು ಮನೆಯ ಹಿಂದಿನ ಬೇವಿನ ಮರದ ಕಡೆ ಹೋದರು. ಕೈತುಂಬ ಟೊಂಗೆ ಮುರಿದು ತಂದರು. ಅರಿಶಿನ ನೀರಲ್ಲಿ ಹಗ್ಗ ಅದ್ದಿ, ಅದಕ್ಕೆ ಬೇವಿನ ಸೊಪ್ಪು ಕಟ್ಟಿ, ತೂಬಿನ ಬಾಯಿಗೆ ಅಡ್ಡಲಾಗಿ ಬಿಗಿದರು. ಇನ್ನೊಂದನ್ನು ಏರಿಯ ಮೇಲೆ ಜನ ಓಡಾಡುವ ಕಡೆ. ಸಿಡುಬು ಬಂದ ಮನೆಯ ಬಾಗಿಲಿಗೆ ಕಟ್ಟುತ್ತಾರಲ್ಲ, ಹಾಗೆಯೇ. ಅವರಲ್ಲಿ ಅದನ್ನು ಅಮ್ಮವಾರು ಬಂದಿದ್ದಾಳೆ ಎನ್ನುತ್ತಾರೆ, ನಮ್ಮಲ್ಲೂ ಅಮ್ಮ ಎಂದೇ ಹೇಳುವುದು. ಬೇವು ಕಂಡ ಮನೆಗೆ ಯಾರೂ ಕಾಲಿಡುವುದಿಲ್ಲ, ಆ ಮನೆಯ ಪಾತ್ರೆ ಬಟ್ಟೆ ಹೊರಗೆ ಹೋಗುವುದಿಲ್ಲ.

“ಇಂಟಿಕೈತೇ ಕಡತಾಂ, ಚೆರುವುಕಿ ಎಂದುಕು ಕಟ್ಟಕೂಡದು?” ಎಂದರು. ಮನೆಗಾದರೆ ಕಟ್ಟುತ್ತೇವೆ, ಕೆರೆಗೆ ಯಾಕೆ ಕಟ್ಟಬಾರದು? ನನಗೆ ವಿಜಯಳ ಅನುವಾದ ಬೇಕಾಗಲಿಲ್ಲ.

ಹಸಿರು ತೋರಣ ದೂರದಿಂದಲೇ ಕಂಡಿತು. ಒಬ್ಬೊಬ್ಬರಾಗಿ ಬಂದರು, ಬಂದವರೆಲ್ಲ ಹಗ್ಗದಿಂದ ಹತ್ತು ಮಾರು ಆಚೆಯೇ ನಿಂತರು. ವೈರಸ್ಸು ಎಂದು ನಾವು ಒಂದು ತಾಸು ಬಡಿದುಕೊಂಡಿದ್ದರೂ ಯಾರೂ ಹಾಗೆ ನಿಲ್ಲುತ್ತಿರಲಿಲ್ಲ. ರಂಗರಾಜು ಮೀಸೆಯ ಮೇಲೆ ಕೈಯಿಟ್ಟು, “ಏನಮ್ಮಾ, ಮನೆಯ ಕಷ್ಟವನ್ನು ಹೀಗೆ ಡಂಗುರ ಹೊಡೀತಾರಾ? ನಾಳೆ ವ್ಯಾಪಾರಿ ಈ ದಾರಿಗೇ ಬರಲ್ಲ!” ಎಂದು ಕೂಗಿದರು.

ಸತ್ಯವತಮ್ಮ ಹಗ್ಗದ ಈಚೆ ನಿಂತೇ ಹೇಳಿದರು: “ನನ್ನ ಕೆರೆ ಸತ್ತಿತು ರಾಜುಗಾರೂ. ನಾಳೆ ನಾನು ತೂಬು ತೆರೆದರೆ ನಿಮ್ಮದೂ ಸಾಯುತ್ತೆ. ನಾನು ತೆರೆಯಲ್ಲ. ಬೇರೆಯವರು ಬಿಟ್ಟ ನೀರು ಕಾಲುವೇಲಿ ಇದ್ದರೂ ಇರಬಹುದು, ನೀವೂ ತಗೋಬೇಡಿ. ಅಷ್ಟೇ.” ಧ್ವನಿ ನಡುಗಲಿಲ್ಲ, ಕಣ್ಣು ಒದ್ದೆಯಾಗಲಿಲ್ಲ.

ರಾಜುಗಾರು ಬಹಳ ಹೊತ್ತು ಬೇವು ನೋಡಿದರು. ಆಮೇಲೆ ತಮ್ಮ ಕೆರೆಯ ಕಡೆ ನಡೆದರು. ಮರುದಿನ ಭರತದ ನೀರು ಕಾಲುವೆ ತುಂಬಿ ಏರಿಯ ಅಂಚಿಗೆ ಬಂದು ನಿಂತಿತು, ಹಾಗೆಯೇ ಇಳಿಯಿತು. ಹನ್ನೆರಡು ತೂಬಿನಲ್ಲಿ ಒಂದೂ ತೆರೆಯಲಿಲ್ಲ.

ಕಾಗೆ ಕಾದ ದಿನಗಳು

ನನ್ನ ರಜೆ ಇನ್ನೂ ಬಾಕಿ ಇತ್ತು. ವಿಜಯವಾಡದ ಬ್ಯಾರೇಜು, ಬೆಟ್ಟದ ಗುಡಿ ನೋಡಿಕೊಂಡು ಬರಬೇಕೆಂದಿದ್ದವಳು ಕೆರೆಯ ಏರಿಯ ಮೇಲೇ ಉಳಿದೆ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ! ಸತ್ತ ಕೆರೆಗೆ ಬ್ಲೀಚಿಂಗ್ ಪೌಡರ್ ಸುರಿದರು. ವಾಸನೆಗೆ ಮೂರು ದಿನ ಕಣ್ಣುರಿ. ಏಡಿ ದಾಟದಂತೆ ಏರಿಯುದ್ದಕ್ಕೂ ಹಳೆ ಬಲೆಯ ಬೇಲಿ ಕಟ್ಟಿದರು. ಕಾಗೆ ಕೊಕ್ಕರೆ ಓಡಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಬೆಳಗಿನಿಂದ ಸಂಜೆಯವರೆಗೆ ಛತ್ರಿ ಹಿಡಿದು, ಹಿತ್ತಾಳೆ ತಟ್ಟೆ ಬಡಿಯುತ್ತ, ಶಾಲೆಯ ಮಕ್ಕಳಿಗೆ ಗದರುವ ಹಾಗೆ ಗದರುತ್ತಿದ್ದೆ. ಆಂಧ್ರದ ಕಾಗೆಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ.

ರಾಜುಗಾರು ಮಾತಾಡುತ್ತಿರಲಿಲ್ಲ. ಆದರೆ ಐದನೆಯ ದಿನ ಅವರ ಆಳುಗಳು ನಮ್ಮ ಏರಿ ದಾಟಿ ತಮ್ಮ ಕೆರೆಗೆ ಇಳಿಯುವ ಮುನ್ನ ತಾವಾಗಿಯೇ ಕಾಲು ತೊಳೆದುಕೊಳ್ಳುವುದು ಕಂಡೆ. ಬಲೆ ಕಡ ಕೇಳಿ ಬಂದ ಒಬ್ಬನನ್ನು ರಾಜುಗಾರೇ ಗದರಿ ಕಳಿಸಿದರು. ಸಂಜೆಗೊಮ್ಮೆ ಹನ್ನೊಂದು ಕೆರೆಯವರೂ ತಟ್ಟೆ ಎತ್ತಿ ನೋಡಿ ಏರಿಯಿಂದ ಏರಿಗೆ ಕೂಗುತ್ತಿದ್ದರು: “ತಿಂದಾವೆ! ತಿಂದಾವೆ!” ಯಾರೂ ಮುಚ್ಚಿಡಲಿಲ್ಲ. ನಾನೂ ನಮ್ಮ ಎರಡನೆಯ ಕೆರೆಯ ತಟ್ಟೆ ಎತ್ತಿ ಕೂಗುತ್ತಿದ್ದೆ. ಖಾಲಿ ತಟ್ಟೆ ನೋಡಿ ಅಷ್ಟು ಖುಷಿಪಟ್ಟದ್ದು ಬದುಕಿನಲ್ಲಿ ಅದೇ ಮೊದಲು.

ಬಲೆ

ರಜೆ ಮುಗಿಯುವ ಹೊತ್ತಿಗೆ ಸಿಗಡಿ ಹಿಡಿಯುವ ದಿನ ಬಂತು. ಹನ್ನೊಂದು ಕೆರೆಯೂ ಉಳಿದಿತ್ತು. ಐಸಿನ ಲಾರಿ ಬಂದು ನಿಂತಿತು. ಬರುವುದೇ ಇಲ್ಲವೆಂದು ಎಲ್ಲರೂ ಹೆದರಿದ್ದ ವ್ಯಾಪಾರಿಯೂ ಬಂದ. ಸುತ್ತಿನ ಊರುಗಳಲ್ಲಿ ಕೆರೆ ಕೆರೆಯೇ ಸತ್ತು ಅವನಿಗೆ ಬೇರೆ ಕಡೆ ಸಿಗಡಿಯೇ ಇರಲಿಲ್ಲವಂತೆ. ಬೇವು ಕಟ್ಟಿದ ಊರು ಯಾವುದು ಎಂದು ದಾರಿ ಕೇಳಿಕೊಂಡು ಬಂದಿದ್ದ. ಈ ಊರಿನಲ್ಲಿ ರೋಗ ಮುಚ್ಚಿಡುವುದಿಲ್ಲ, ಮಾಲು ನಂಬಬಹುದು ಎಂದು ಅವನ ಲೆಕ್ಕಾಚಾರ.

ಮೊದಲ ಬಲೆ ಯಾವಾಗಲೂ ರಂಗರಾಜು ಅವರ ಕೆರೆಯಲ್ಲಿ. ಅದು ಊರಿನ ಪದ್ಧತಿ. ಬೆಳಗಾಗುವ ಹೊತ್ತಿಗೆ ಅವರು ಬಲೆಯನ್ನು ಹೆಗಲ ಮೇಲೆ ಹೊತ್ತು ಬಂದರು. ತಮ್ಮ ಕೆರೆ ದಾಟಿ ಮುಂದೆ ನಡೆದು ಸತ್ಯವತಮ್ಮನವರ ಎರಡನೆಯ ಕೆರೆಯ ಮುಂದೆ ಇಳಿಸಿದರು. ಹಿಂದೆ ಊರೇ ಇತ್ತು.

“ಮೊದಲು ನಿಮ್ಮದು ಅಮ್ಮಾ,” ಎಂದರು. ಮೀಸೆಯ ಮೇಲೆ ಕೈ ಹೋಗಲಿಲ್ಲ.

ಕರೆಯದೆ ಬಂದ ಜನ ನೀರಿಗಿಳಿದರು. ಸತ್ಯವತಮ್ಮ ಸೀರೆ ಎತ್ತಿ ಕಟ್ಟಿ ಹಗ್ಗದ ತುದಿಗೆ ನಿಂತರು. ಬಲೆ ಕೆರೆಯ ಆಚೆ ತುದಿಯಿಂದ ನಡುವಿನವರೆಗೆ ಸಲೀಸಾಗಿ ಬಂದು ಅಲ್ಲಿ ನಿಂತುಬಿಟ್ಟಿತು. ಎಳೆದರೂ ಬರಲೊಲ್ಲದು. ನೀರಿನ ಮೇಲೆ ಸಿಗಡಿ ಚಟಪಟ ಹಾರುತ್ತಿದ್ದವು.

“ಭಾರ! ಇನ್ನೂ ಜನ ಬೇಕು!” ರಾಜುಗಾರು ಕೂಗಿದರು.

ದಡದಲ್ಲಿ ಉಳಿದವರು ನನ್ನ ತಮ್ಮ ಮತ್ತು ನಾನು. ತಮ್ಮ ಪ್ಯಾಂಟು ಮಡಿಸತೊಡಗಿದ್ದ. ಅವನು ಒಂದು ಕಾಲು ಮಡಿಸುವಷ್ಟರಲ್ಲಿ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಮೊಣಕಾಲುದ್ದ ಕೆಸರಿನಲ್ಲಿದ್ದೆ. ಸತ್ಯವತಮ್ಮ ಪಕ್ಕಕ್ಕೆ ಸರಿದು ಹಗ್ಗದಲ್ಲಿ ನನಗೆ ಜಾಗ ಕೊಟ್ಟರು. ಅವರ ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು. ಕೆರೆ ಸತ್ತ ದಿನ ಅಳದ ಹೆಂಗಸು ಊರೆದುರಿಗೆ ನಗುನಗುತ್ತ ಅಳುತ್ತಿದ್ದರು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ಲಾಗಂಡಿ ಟೀಚರುಗಾರು, ಲಾಗಂಡಿ!”

ಎಳೆದೆ. ಎಲ್ಲರೂ ಎಳೆದೆವು. ಬಲೆ ಮೇಲೆ ಬಂತು.